ಡಬಲ್ ಪೇಟೆಂಟಿಂಗ್ ಆಕ್ಷೇಪಣೆ ಬಂದಾಗ: ಇಮೇಜಿಂಗ್ ಅರ್ಜಿದಾರರಿಗೆ

ಒಂದೇ ಆವಿಷ್ಕಾರಕ್ಕೆ, ಇಲ್ಲವೇ ಅದರ ಸಣ್ಣ ಬದಲಾವಣೆಗೆ ಎರಡನೇ ಪೇಟೆಂಟ್ ಕೇಳುತ್ತಿದ್ದೀರಿ ಎಂಬುದೇ ಡಬಲ್ ಪೇಟೆಂಟಿಂಗ್ ಆಕ್ಷೇಪಣೆ. ಅಮೆರಿಕದ ಪೇಟೆಂಟ್ ಕಚೇರಿಯ ಪತ್ರದಲ್ಲಿ ಆಕ್ಷೇಪಣೆ ಯಾವ ಬಗೆಯದು ಎಂದು ಮೊದಲು ನೋಡಿ. ಪೇಟೆಂಟ್ ಕಾನೂನಿನ ಸೆಕ್ಷನ್ 101ರ ಅಡಿ ಬಂದಿದ್ದರೆ ನಿಮ್ಮ ಹಳೆಯ ಮತ್ತು ಹೊಸ ಕ್ಲೇಮುಗಳೆರಡೂ (ಯಾವುದಕ್ಕೆ ಹಕ್ಕು ಬೇಕೆಂದು ಹೇಳುವ ವಾಕ್ಯಗಳು) ಒಂದೇ ಆವಿಷ್ಕಾರಕ್ಕೆ ಎಂದರ್ಥ. ತಿದ್ದಬೇಕು, ಇಲ್ಲವೇ ಕೈಬಿಡಬೇಕು. ಹೊಸ ಪೇಟೆಂಟಿನ ಅವಧಿಯನ್ನು ಹಳೆಯದಕ್ಕೆ ಕಟ್ಟಿಹಾಕುವ ಬರಹ, ಅಂದರೆ ಟರ್ಮಿನಲ್ ಡಿಸ್‌ಕ್ಲೈಮರ್ ಇಲ್ಲಿ ನಡೆಯುವುದಿಲ್ಲ. ಹೆಚ್ಚಾಗಿ ಬರುವುದು ಇನ್ನೊಂದು ಬಗೆ: ನಿಮ್ಮದೇ ಹಳೆಯ ಕ್ಲೇಮಿಗೂ ಹೊಸದಕ್ಕೂ ಇರುವುದು ಪರಿಣತರಿಗೆ ಸುಲಭವಾಗಿ ಹೊಳೆಯುವ ವ್ಯತ್ಯಾಸವಷ್ಟೇ ಎಂಬ ತಕರಾರು.

ಎರಡೂ ಕ್ಲೇಮುಗಳನ್ನು ಎರಡು ಕಾಲಮ್ಮುಗಳಲ್ಲಿ ಎದುರುಬದುರು ಇಟ್ಟು, ಪದ ಪದ ತಾಳೆ ನೋಡಿ. ಹಳೆಯದು "ಮೂರು ಎಕ್ಸ್‌ಪೋಷರ್‌ಗಳನ್ನು ಬೆರೆಸುವ ಪ್ರೊಸೆಸರ್" ಎಂದಿದ್ದು, ಹೊಸದು "ಕನಿಷ್ಠ ಎರಡು" ಎಂದಷ್ಟೇ ಬದಲಾಗಿದ್ದರೆ ವಾದ ಮಾಡಿ ಫಲವಿಲ್ಲ. ಮೂರು ಅದರೊಳಗೇ ಬಂತು. ಬೆರೆಸುವ ಮುನ್ನ ಚಲಿಸಿದ ಪಿಕ್ಸೆಲ್‌ಗಳನ್ನು ಬೇರ್ಪಡಿಸುವ ಹಂತ ಹೊಸದರಲ್ಲಿದ್ದರೆ ವಾದಕ್ಕೆ ನೆಲೆಯಿದೆ. ಅರ್ಜಿ ಪರಿಶೀಲಿಸುವ ಎಕ್ಸಾಮಿನರ್ ಹಳೆಯ ಪೇಟೆಂಟಿನ ವಿವರಣೆಯ ಭಾಗವನ್ನೇ ಎತ್ತಿ ಹೋಲಿಸಿದ್ದರೆ ಬಿಡಬೇಡಿ. ಹೋಲಿಸಬೇಕಾದದ್ದು ಕ್ಲೇಮಿಗೆ ಕ್ಲೇಮು.

ಕ್ಯಾಮೆರಾ ಮತ್ತು ವಿಧಾನದ ಕ್ಲೇಮುಗಳನ್ನು ಬೇರ್ಪಡಿಸಲು ಕಚೇರಿಯೇ ಹೇಳಿತ್ತೇ? ಹಾಗಿದ್ದರೆ ಆ ವಿಂಗಡಣೆಯ ಗೆರೆ ದಾಟದ ಡಿವಿಷನಲ್ ಅರ್ಜಿಗೆ (ಬೇರ್ಪಡಿಸಿದ ಕ್ಲೇಮುಗಳಿಗಾಗಿ ಸಲ್ಲಿಸುವ ಅರ್ಜಿ) ಈ ಆಕ್ಷೇಪಣೆಯಿಂದ ಸೆಕ್ಷನ್ 121ರ ರಕ್ಷಣೆ ಸಿಗುತ್ತದೆ. ಅದೇ ವಿವರಣೆಯ ಮೇಲೆ ನೀವಾಗಿಯೇ ಸಲ್ಲಿಸುವ ಮುಂದುವರಿಕೆ ಅರ್ಜಿ, ಅಂದರೆ ಕಂಟಿನ್ಯುಯೇಷನ್‌ಗೆ ಸಿಗದು, ಹಲವರು ಎಡವುವುದು ಇಲ್ಲೇ.

ಡಿಸ್‌ಕ್ಲೈಮರ್ ಸಲ್ಲಿಸಿದರೆ ಹೊಸ ಪೇಟೆಂಟಿನ ಅವಧಿ ಹಳೆಯದನ್ನು ಮೀರುವುದಿಲ್ಲ. ಎರಡೂ ಒಬ್ಬರದೇ ಒಡೆತನದಲ್ಲಿರುವವರೆಗೆ ಮಾತ್ರ ಹೊಸದನ್ನು ಜಾರಿಗೊಳಿಸಬಹುದು, ಆದ್ದರಿಂದ ಮುಂದೆ ಒಂದನ್ನೇ ಮಾರುವ ಯೋಚನೆಯಿದ್ದರೆ ಸಹಿ ಹಾಕುವ ಮುನ್ನ ನಿಲ್ಲಿ. ಆಕ್ಷೇಪಣೆ "ತಾತ್ಕಾಲಿಕ" ಎಂದಿದ್ದು, ಇನ್ನೊಂದು ಅರ್ಜಿಯೂ ಬಾಕಿಯಿದ್ದರೆ ಅವಸರ ಬೇಡ: ಆ ಅರ್ಜಿಯ ಕ್ಲೇಮುಗಳು ಇನ್ನೂ ಬದಲಾಗಬಹುದು.