ಕೊನೆಯ ಪೆಟ್ಟು ಮಗಳಿಗೆ ಬಿಟ್ಟೆ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಯಕ್ಷಗಾನಕ್ಕೆ ಹವ್ಯಾಸಿಯಾಗಿ ಮದ್ದಳೆ ಬಾರಿಸುತ್ತೇನೆ. ಹೀಗಿದ್ದೂ ಮಗಳಿಗೆ ಎರಡು ವರ್ಷ ಆಗುವವರೆಗೆ ಅವಳಿಗೆ ಸಂಗೀತ ಅಂದರೆ ಮೊಬೈಲೇ ಆಗಿತ್ತು. ಅನ್ನ ತಿನ್ನಿಸುವಾಗ ಶಿಶುಗೀತೆ ಹಾಕಿಡುತ್ತಿದ್ದೆವು. ಅವಳು ಚಿತ್ರವನ್ನೇ ನೋಡುತ್ತಾ ಕೂರುತ್ತಿದ್ದಳು, ಬಾಯಿಂದ ಒಂದು ಸ್ವರ ಹೊರಡುತ್ತಿರಲಿಲ್ಲ.

ಒಂದು ಬೆಳಗ್ಗೆ ಅಮ್ಮ ಹೆರೆಮಣೆಯಲ್ಲಿ ಕಾಯಿ ಹೆರೆಯುತ್ತಿದ್ದರು. ಮಗಳು ಖಾಲಿ ಗೆರಟೆ ಎರಡು ತೆಗೆದುಕೊಂಡು ಒಂದಕ್ಕೊಂದು ಬಡಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು 'ತಕಧಿಮಿ, ತಕಧಿಮಿ' ಅನ್ನುತ್ತಿದ್ದೆ. ನಡುವೆ ಅಮ್ಮ ಏನೋ ಕೇಳಿದರು, ನಾನು 'ತಕಧಿ' ಅಂದಲ್ಲಿಗೇ ನಿಲ್ಲಿಸಿದೆ. ಮಗಳು ಟಕ್ ಅಂತ ಗೆರಟೆ ಹೊಡೆದು ನನ್ನ ಮುಖ ನೋಡಿದಳು. ಬಾಕಿ ಉಳಿದ ಅಕ್ಷರವನ್ನು ಅವಳೇ ತುಂಬಿದ್ದಳು!

ಆವತ್ತಿನಿಂದ ನಾನು ಮಾಡಿದ್ದು ಇಷ್ಟೇ: ಏನು ಹಾಡಿದರೂ ಕೊನೆಯ ಒಂದು ಪದ, ಒಂದು ಪೆಟ್ಟು ಅವಳಿಗೆ ಬಿಡುವುದು. ಬಿಟ್ಟ ಮೇಲೆ ಕಾಯಬೇಕು. ಇದೇ ಕಷ್ಟ, ಯಾಕೆಂದರೆ ತಾಳ ತಪ್ಪಿತು ಅಂತ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಮನಸ್ಸಿನಲ್ಲೇ ನಾಲ್ಕೈದು ಎಣಿಸಿಕೊಂಡು ಸುಮ್ನೆ ಕೂರುತ್ತಿದ್ದೆ. ಕೆಲವು ಸಲ ಏನೂ ಬರುವುದಿಲ್ಲ, ಪರವಾಗಿಲ್ಲ, ಮತ್ತೆ ಮೊದಲಿಂದ ಶುರು. ಅಮ್ಮನೂ ಜೋಗುಳದ ಕೊನೆಯ 'ಜೋ' ಹೇಳದೆ ಬಿಡಲು ಶುರುಮಾಡಿದರು, ನಿದ್ದೆಗಣ್ಣಲ್ಲೂ ಮಗಳು ಅದನ್ನು ಎಳೆದು ಮುಗಿಸುತ್ತಿದ್ದಳು.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ನನ್ನ ಗಂಡು ಶ್ರುತಿ ಮಕ್ಕಳಿಗೆ ತುಂಬಾ ಕೆಳಗೆ. ಅಮ್ಮನ ಜೊತೆ ಹಾಡುವವಳು ನನ್ನ ಜೊತೆ ಗುನುಗುತ್ತಿದ್ದಳು ಅಷ್ಟೆ. ಈಗ ಅವಳು ಹಿಡಿದ ಶ್ರುತಿಗೇ ನಾನು ಏರುತ್ತೇನೆ.

ಮೂರೂವರೆ ವರ್ಷಕ್ಕೆ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಹೇಳಿಕೊಡಲು ಚಕ್ಕಳಮಕ್ಕಳ ಕೂರಿಸಿದೆ. ಎರಡನೇ ದಿನವೇ ಓಡಿಹೋದಳು. ಅವಸರ ನನ್ನದು, ಅಲ್ಲಿಗೇ ಬಿಟ್ಟೆ. ಯಕ್ಷಗಾನ ಆಟಕ್ಕೆ ಕರೆದುಕೊಂಡು ಹೋದಾಗಲೂ ಹಾಗೇ ಆಯಿತು, ಚೆಂಡೆ ಹತ್ತಿರದಿಂದ ಕೇಳಿ ಬೆದರಿ ಅತ್ತಳು. ಆ ಸದ್ದು ಎಳೆ ಕಿವಿಗೆ ಒಳ್ಳೆಯದೂ ಅಲ್ಲ. ಈಗ ಹಿಂದಿನ ಸಾಲಿನಾಚೆ ಕೂರುತ್ತೇವೆ. ವೇಷ, ಕುಣಿತವಿಲ್ಲದೆ ಕೂತೇ ನಡೆಸುವ ತಾಳಮದ್ದಳೆಯಾದರೆ ಇನ್ನೂ ಸುಲಭ, ವೇಷದ ಹೆದರಿಕೆಯಿಲ್ಲ, ಮಡಿಲಲ್ಲಿ ಮಲಗಿಯೇ ಕೇಳಬಹುದು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳು ಅವಳ ಕಿವಿಗೆ ಬಿದ್ದದ್ದು ಹಾಗೆಯೇ.

ಅಂಗನವಾಡಿಯಿಂದ ಮಲಯಾಳ ಹಾಡು ತರುತ್ತಾಳೆ, ಪಕ್ಕದ ಮನೆಯಿಂದ ತುಳು ಹಾಡು. ಶಬ್ದ ತಪ್ಪಿದರೂ ತಿದ್ದುವುದಿಲ್ಲ, ಅದಕ್ಕೂ ಕೊನೆಯ ಪೆಟ್ಟಿನ ಆಟವೇ.

ಈಗ ಅವಳಿಗೆ ಐದು. ಅಂಗಳದಲ್ಲಿ 'ತಕಿಟ ತಕಧಿಮಿ' ಹೇಳುತ್ತಾ ಹೆಜ್ಜೆ ಹಾಕುತ್ತಾಳೆ, ತ್ರಿವುಡೆ ತಾಳದ ಏಳಕ್ಷರ ಎಣಿಸದೆಯೇ ಕಾಲಿಗೆ ಬಂದಿದೆ. ಮೊನ್ನೆ ತಮ್ಮನ ಕೈಗೆ ಗೆರಟೆ ಕೊಟ್ಟು, 'ತಕಧಿ' ಅಂತ ನಿಲ್ಲಿಸಿ, ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು. ನಾನು ಬಾಯಿ ಹಾಕಲು ಹೋದರೆ, "ಅಪ್ಪಾ, ನೀವು ಹೇಳ್ಬೇಡಿ" ಅಂದಳು.