ಪಿಯು ಇಂಗ್ಲಿಷ್ ಡಿಗ್ರಿಗೆ ಸಾಲುತ್ತಾ? ಪೆನ್ಸಿಲ್ ಹಿಡಿದು ನೋಡಿ

ಪಿಯುಸಿಯಲ್ಲಿ ಇಂಗ್ಲಿಷಿಗೆ 90 ತೆಗೆದ ಹುಡುಗಿ ಬಿ.ಎ. ಅರ್ಥಶಾಸ್ತ್ರದ ಪುಸ್ತಕದ ಎರಡನೇ ಪುಟಕ್ಕೇ ಸುಸ್ತಾಗುತ್ತಾಳೆ. ದಡ್ಡತನವೇನಲ್ಲ. ಇಂಗ್ಲಿಷ್ ಪಠ್ಯದಲ್ಲಿ ಅವಳು ಓದಿದ್ದು ಹೆಚ್ಚಾಗಿ ಕಥೆ, ಪದ್ಯ. ಇಲ್ಲಿರುವುದು ವಿವರಣೆ, ವಾದ. ಎಷ್ಟು ಕೊರತೆ ಇದೆ ಎಂದು ರಜೆಯಲ್ಲೇ ನೋಡಿಕೊಳ್ಳಬಹುದು.

ಮೊದಲು ಸೀನಿಯರ್ ಒಬ್ಬರಿಂದ ಡಿಗ್ರಿ ಪುಸ್ತಕ ತನ್ನಿ. ಯಾವುದಾದರೂ ಪುಟದಲ್ಲಿ 100 ಪದ ಎಣಿಸಿ, ಗೊತ್ತಿಲ್ಲದ್ದಕ್ಕೆ ಗೆರೆ ಎಳೆಯಿರಿ. ಮೊಬೈಲ್ ದೂರ ಇರಲಿ. ಊರು, ವ್ಯಕ್ತಿಗಳ ಹೆಸರು ಲೆಕ್ಕಕ್ಕಿಲ್ಲ. ಗೆರೆ ಎರಡೇ ಇದ್ದರೆ ಒಬ್ಬರೇ ಕೂತು ಓದಬಹುದು. ಪದಕಲಿಕೆಯ ಸಂಶೋಧಕರು ಸಾಮಾನ್ಯವಾಗಿ ಹೇಳುವುದೂ ನೂರಕ್ಕೆ 98 ಪದ ಗೊತ್ತಿರಬೇಕು ಅಂತಲೇ. ಹತ್ತು ಗೆರೆ ಬಿದ್ದರೆ ಅದು ಓದಲ್ಲ, ಡಿಕ್ಷನರಿ ತಿರುವುವ ಕೆಲಸ.

ಆಮೇಲೆ ಪಿಯು ಇಂಗ್ಲಿಷ್ ಪುಸ್ತಕದಲ್ಲೂ ಹೀಗೇ ಮಾಡಿ, ಎರಡೂ ಕಡೆಯ ಗೆರೆಗಳನ್ನು ಹೋಲಿಸಿ. ಕಥೆಯಲ್ಲಿ ತೊಡಕಾಗುವುದು ಹೂವು, ಬಟ್ಟೆ, ಮುಖಭಾವದ ಪದ. ಡಿಗ್ರಿಯಲ್ಲಿ ಅಸ್ಯೂಮ್, ಡಿರೈವ್, ಕಾನ್‌ಸ್ಟಿಟ್ಯೂಟ್. ನ್ಯೂಜಿಲೆಂಡ್‌ನ ಭಾಷಾ ಸಂಶೋಧಕಿ ಆವರಿಲ್ ಕಾಕ್ಸ್‌ಹೆಡ್ 2000ರಲ್ಲಿ ಇಂಥ 570 ಪದಕುಟುಂಬಗಳ, ಅಂದರೆ ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳ, ಪಟ್ಟಿ ಮಾಡಿದರು. ವಿಶ್ವವಿದ್ಯಾಲಯದ ಓದಿನಲ್ಲಿ ಸುಮಾರು ನೂರಕ್ಕೆ ಹತ್ತು ಪದ ಇದರಲ್ಲಿನವೇ. ಪಟ್ಟಿ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಮೊದಲ ಉಪಪಟ್ಟಿಯ 60 ಹಿಡಿದರೆ ಸಾಕು, ಅವೇ ಜಾಸ್ತಿ ಬರುವುದು.

ಪದ ಗೊತ್ತಿದ್ದೂ ಎಡವುವುದುಂಟು. 'ಅಕ್ಕಿ, ಗೋಧಿಯ ಬೆಲೆ 50, 40 ರೂಪಾಯಿ' ಎಂಬ ಅರ್ಥದ ವಾಕ್ಯದ ಕೊನೆಗೆ 'ರೆಸ್ಪೆಕ್ಟಿವ್ಲಿ' ಇತ್ತು. ಪಾಪ, ಹುಡುಗನೊಬ್ಬ 'ಗೌರವದಿಂದ' ಅಂದ! ಅಕ್ಕಿಗೆ 50, ಗೋಧಿಗೆ 40 ಎಂದು ಕ್ರಮವಾಗಿ ಜೋಡಿಸುವ ಪದ ಅದು. 'ದಿಸ್' ಅಂತೂ ಇನ್ನೂ ಮೋಸ. ಪ್ಯಾರಾದಲ್ಲಿ 'ದಿಸ್' ಬಂದಲ್ಲೆಲ್ಲ ನಿಲ್ಲಿಸಿ, 'ಇದು ಅಂದರೆ ಯಾವುದು?' ಎಂದು ಕೇಳಿ. ಎಷ್ಟೋ ಸಲ ಅದು ಹಿಂದಿನ ಇಡೀ ವಾಕ್ಯವನ್ನೇ ತೋರಿಸುತ್ತಿರುತ್ತದೆ. ಉತ್ತರವನ್ನು ಕನ್ನಡದಲ್ಲೇ ಹೇಳಿಕೊಂಡರೂ ಸರಿ.

ಕೊರತೆ ತುಂಬಲು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಅದು ಮಾತಿಗೆ. ಇಂಗ್ಲಿಷ್ ಮಾಧ್ಯಮದ ಪಿಯು ಅರ್ಥಶಾಸ್ತ್ರ, ಜೀವಶಾಸ್ತ್ರದ ಪುಸ್ತಕಗಳೇ ಒಳ್ಳೆಯ ಏಣಿ. ಕನ್ನಡ ಮಾಧ್ಯಮದವರಿಗಂತೂ ವಿಷಯ ಮೊದಲೇ ಗೊತ್ತಿರುತ್ತದಲ್ವಾ, ಭಾಷೆಯ ಕಡೆಗಷ್ಟೇ ಗಮನ ಕೊಟ್ಟರಾಯಿತು. ದಿನಕ್ಕೆ ಒಂದು ಪುಟ, ಕೊನೆಗೆ ಎರಡು ಸಾಲಿನ ಸಾರಾಂಶ.

ತಿಂಗಳಾದ ಮೇಲೆ ಮತ್ತೆ 100 ಪದ ಎಣಿಸಿ. ಹಳೆಯ ಪುಟ ಬೇಡ, ಅದು ಅಷ್ಟರಲ್ಲಿ ಬಾಯಿಪಾಠ ಆಗಿರುತ್ತದೆ.