ಸಸ್ಪೆನ್ಸ್ ಕಾದಂಬರಿ ಕೊಳ್ಳೋ ಮುಂಚೆ ಅಂಗಡಿಯಲ್ಲೇ ಹೀಗೆ ನೋಡಿ

ಗಂಡ, ಹೆಂಡತಿ, ದೊಡ್ಡ ಮನೆ, ಪಕ್ಕದಲ್ಲಿ ಹೊಸದಾಗಿ ಬಂದ ಹೆಂಗಸು. ಹೀಗೆ ಶುರುವಾಗುವ ಇಂಗ್ಲಿಷ್ ಸಸ್ಪೆನ್ಸ್ ಕಾದಂಬರಿಗಳು ಈಗ ಬೆಳಗಾವಿಯಲ್ಲೂ ಬೇಕಾದಷ್ಟು ಸಿಗುತ್ತವೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಓದೋಕೆ ಅಂತ ನಾನೂ ಒಂದು ತಗೊಂಡಿದ್ದೆ. ಗಾಡಿ ಬೆಳಗಾವಿ ಬಿಟ್ಟು ಹತ್ತಿರದ ಲೋಂಡಾ ಮುಟ್ಟೋದ್ರೊಳಗೆ ಗೊತ್ತಾಯಿತು, ಎಲ್ಲ ಮಾಡಿದ್ದು ಗಂಡನೇ, ಪಕ್ಕದ ಮನೆಗೆ ಬಂದವಳು ಅವನ ಕಡೆಯವಳು. ಮುಂದೆ ಬೇರೆ ಏನಾದರೂ ಇರಬಹುದು ಅಂತ ನಿದ್ದೆಗೆಟ್ಟು ಓದಿದೆ, ಏನೂ ಇರಲಿಲ್ಲ. ದುಡ್ಡು ಹೋಗಿದ್ದಕ್ಕಲ್ಲ, ಓದುಗರನ್ನು ಇಷ್ಟು ಹಗುರವಾಗಿ ತಗೊಂಡರಲ್ಲ ಅಂತ ಬಹಳ ಬೇಜಾರಾಯಿತು.

ಮೊದಲು ಪುಸ್ತಕದ ಹಿಂಬದಿ ಓದಿ. ಕೊನೆಯ ತಿರುವು ಬೆಚ್ಚಿಬೀಳಿಸುತ್ತದೆ ಅಂತ ಬರೆದು, ಆ ಮನೆಯ ಜನರ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ ಹುಷಾರಾಗಿರಿ. ತಿರುವು ಇದೆ ಅಂತ ಮೊದಲೇ ಹೇಳಿದರೆ ನಾವು ಕಥೆ ಬಿಟ್ಟು ಅದನ್ನೇ ಹುಡುಕುತ್ತೇವೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಆಮೇಲೆ ಮೊದಲ ಅಧ್ಯಾಯ ನಿಂತಲ್ಲೇ ಓದಿ. ಕಥೆಯಲ್ಲಿ ಇರೋರೇ ಮೂರ್ನಾಲ್ಕು ಜನ, ಅದರಲ್ಲಿ ಒಬ್ಬಳು ಕೇಳದೇ ಊಟ ತಂದುಕೊಡ್ತಾಳೆ, ಮಗು ನೋಡಿಕೊಳ್ತಾಳೆ, ತನ್ನ ಬಗ್ಗೆ ಮಾತ್ರ ಏನೂ ಹೇಳಲ್ಲ ಅಂದರೆ ಪುಸ್ತಕ ವಾಪಸ್ ಇಟ್ಟುಬಿಡಿ. ಬೆಳಗಾವಿಯ ನಮ್ಮ ಶಹಾಪುರದ ಗಲ್ಲಿಗೆ ಅಂಥವರು ಬಾಡಿಗೆಗೆ ಬಂದರೆ ಯಾವ ಊರು, ಯಾರ ಪೈಕಿ, ಮೊದಲು ಎಲ್ಲಿದ್ದಿರಿ ಅಂತ ವಾರದೊಳಗೆ ಎಲ್ಲ ವಿಚಾರಿಸಿರುತ್ತಾರೆ. ಕಾದಂಬರಿಯಲ್ಲಿ ಯಾಕೆ ಯಾರೂ ಕೇಳಲಿಲ್ಲ? ಅದಕ್ಕೆ ಕಥೆಯೊಳಗೇ ಕಾರಣ ಇರಬೇಕು ಅಲ್ವಾ.

ಈಗ ನಡುವಿನ ನಾಲ್ಕೈದು ಅಧ್ಯಾಯಗಳ ಕೊನೆಯ ಸಾಲು ಮಾತ್ರ ನೋಡಿ. ಕಥೆ ಹೇಳುವವಳು ಪ್ರತಿ ಸಲ 'ಆ ರಾತ್ರಿ ನಡೆದದ್ದು ಯಾರಿಗೂ ಗೊತ್ತಾಗಬಾರದು' ಅಂತ ನಿಲ್ಲಿಸುತ್ತಿದ್ದರೆ ಅದು ಮೋಸ. ಅವಳಿಗೆ ಗೊತ್ತು, ನಮಗೆ ಸುಮ್ನೆ ಹೇಳ್ತಿಲ್ಲ ಅಷ್ಟೇ. 1929ರಲ್ಲೇ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾವೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವರು, ಇಂಥ ಕಥೆಗಳಿಗೆ ಹತ್ತು ನಿಯಮ ಹಾಕಿದ್ದರು. ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ಮುನ್ಸೂಚನೆ ಇಲ್ಲದೆ ಅವಳಿ ಜವಳಿಗಳನ್ನು ತರಬಾರದು. ಮನೆಯೊಳಗಿನ ಸಸ್ಪೆನ್ಸ್‌ನಲ್ಲಿ ಪತ್ತೇದಾರ ಇಲ್ಲದಿರಬಹುದು, ಆದರೆ ಸುಳಿವಿನ ವಿಷಯದಲ್ಲಿ ಆ ನಿಯಮ ಇವತ್ತಿಗೂ ಸರಿ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಊಹಿಸೋಕೆ ಆಯಿತು ಅಂದ ಮಾತ್ರಕ್ಕೆ ಕಾದಂಬರಿ ಕೆಟ್ಟದಾಗಲ್ಲ. 1931ರಲ್ಲಿ ಬಂದ ಫ್ರಾನ್ಸಿಸ್ ಐಲ್ಸ್ ಅವರ 'ಮ್ಯಾಲಿಸ್ ಅಫೋರ್‌ಥಾಟ್' ನೋಡಿ. ಡಾಕ್ಟರ್ ತನ್ನ ಹೆಂಡತಿಯನ್ನು ಕೊಲ್ಲೋಕೆ ತೀರ್ಮಾನಿಸಿದ್ದಾನೆ ಅಂತ ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತಾರೆ. ಗುಟ್ಟೇ ಇಲ್ಲ, ಆದರೂ ಬಿಡದೆ ಓದಿಸಿಕೊಂಡು ಹೋಗುತ್ತದೆ, ಯಾಕೆಂದರೆ ಆ ಮನುಷ್ಯ ಹೇಗೆ ಯೋಚಿಸುತ್ತಾನೆ ಅನ್ನೋದೇ ಭಯ ಹುಟ್ಟಿಸುತ್ತದೆ. ಹಾಗಾಗಿ ದುಡ್ಡು ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಮಾಡಿದ್ದು ಯಾರು ಅಂತ ಅಂಗಡಿಯವರೇ ಈಗ ಹೇಳಿಬಿಟ್ಟರೂ ನಾನು ಇದನ್ನು ಓದ್ತೀನಾ?

ಈಗಾಗಲೇ ಕೊಂಡುಬಿಟ್ಟಿದ್ದರೆ, ಯಾರ ಮೇಲೆ ಅನುಮಾನ ಬಂತೋ ಅವರ ಹೆಸರನ್ನು ಆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ, ಲೈಬ್ರರಿ ಪುಸ್ತಕ ಆದರೆ ಚೀಟಿ ಇಡಿ. ಅರ್ಧ ಪುಸ್ತಕ ಓದಿ. ಅಷ್ಟರಲ್ಲಿ ಅನುಮಾನ ಒಂದು ಸಲವೂ ಅಲುಗಾಡಲಿಲ್ಲ, ಆ ಜನರೂ ಮನಸ್ಸಿಗೆ ಹತ್ತಿರ ಆಗಲಿಲ್ಲ ಅಂದರೆ ಕೊನೆಯ ಎರಡು ಅಧ್ಯಾಯ ಓದಿ ಮುಚ್ಚಿಬಿಡಿ. ಬೇರೆಯವರಿಗೆ ಕೊಡುವಾಗ ಆ ಹೆಸರು ಮರೆಯದೆ ಅಳಿಸಿ, ನಿಮಗೆ ಹಿಡಿಸದ ಪುಸ್ತಕ ಅವರಿಗೆ ಹಿಡಿಸಲೂಬಹುದು.